ಕಚ್ಚಾ ಹೊಲಿಗೆಯ ಹೊಳೆ

ನಕ್ಷೆ ಓದುವುದು ನನಗೆ ಬರುತ್ತದೆ ಎಂಬ ಜಂಬ ಇಳಿದದ್ದು ಸಾಗರದ ಒಂದು ಹೆಣ್ಣುಮಕ್ಕಳ ಶಾಲೆಯ ಹೊಲಿಗೆ ಕೋಣೆಯಲ್ಲಿ. ಆಗ ನನಗೆ ಇಪ್ಪತ್ಮೂರು ವರ್ಷ. ಮೈಸೂರಿನಲ್ಲಿ ಓದಿ ಬಂದು ಭೂಗೋಳ ಕಲಿಸುತ್ತಿದ್ದೆ. ಗೋಡೆಯ ನಕ್ಷೆಯ ಮುಂದೆ ಕೋಲು ಹಿಡಿದು ನಿಂತರೆ ದೇಶದ ನದಿಗಳೆಲ್ಲ ನನ್ನ ಅಪ್ಪಣೆ ಕೇಳಿಯೇ ಹರಿಯುತ್ತವೆ ಅನ್ನಿಸುತ್ತಿತ್ತು. ಸಿಟ್ಟು ಮೂಗಿನ ತುದಿಯಲ್ಲಿತ್ತು. ಈಗಲೂ ಅಲ್ಲೇ ಇದೆ, ಕನ್ನಡಕಕ್ಕೆ ಸ್ವಲ್ಪ ಜಾಗ ಬಿಟ್ಟುಕೊಟ್ಟಿದೆ ಅಷ್ಟೆ.

ಅರವತ್ತರ ದಶಕದ ಕೊನೆಯ ವರ್ಷಗಳು. ಶರಾವತಿಗೆ ಅಣೆಕಟ್ಟು ಕಟ್ಟಿ, ಹಿನ್ನೀರು ತುಂಬಿ ಎರಡೋ ಮೂರೋ ವರ್ಷವಾಗಿತ್ತು. ಆ ಜನವರಿಯಲ್ಲಿ ಗಂಡುಹುಡುಗರ ಶಾಲೆಯವರು ಜೋಗಕ್ಕೆ ನಡೆದು ಹೋಗಿ ಬಂದರು. ಬಂದಮೇಲೆ ಪೇಟೆಯಲ್ಲಿ ಅವರ ಪ್ರತಾಪ ಕೇಳಲಾಗುತ್ತಿರಲಿಲ್ಲ, ಹಿಮಾಲಯ ಹತ್ತಿಳಿದವರ ಹಾಗೆ ಕುಂಟುತ್ತಾ ಓಡಾಡಿದರು. ಅದೇ ವಾರ ನಾನು ತರಗತಿಯಲ್ಲಿ ಶರಾವತಿ ಪಡುವಣ ಕಡಲಿಗೆ ಹರಿಯುತ್ತದೆ, ತುಂಗೆ ಮೂಡಣಕ್ಕೆ ಹರಿಯುತ್ತದೆ, ಇವೆರಡರ ನಡುವೆ ಒಂದು ದಿಬ್ಬವಿದೆ, ಅದರ ಈಚೆ ಬಿದ್ದ ಮಳೆಹನಿಗೂ ಆಚೆ ಬಿದ್ದ ಮಳೆಹನಿಗೂ ಮತ್ತೆ ಭೇಟಿಯೇ ಇಲ್ಲ ಎಂದು ಬಣ್ಣಿಸುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಅಕ್ಕೋರೇ, ಆ ದಿಬ್ಬ ನೀವು ನೋಡೀರಾ?"

ನೋಡಿರಲಿಲ್ಲ. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಹಾಗೆ ಹುಟ್ಟಿದ್ದು ಸಾಗರದಿಂದ ಹೊಸನಗರ ಹಾದು ತೀರ್ಥಹಳ್ಳಿಯ ತನಕ ನಾಲ್ಕು ದಿನ ನಡೆಯುವ ಆಲೋಚನೆ. ಎಂಟು ಹುಡುಗಿಯರು ಹೆಸರು ಕೊಟ್ಟರು. ಮುಖ್ಯೋಪಾಧ್ಯಾಯರು ಆ ಪಟ್ಟಿಯನ್ನು ಹಾವು ಹಿಡಿದ ಹಾಗೆ ಎರಡು ಬೆರಳಲ್ಲಿ ಹಿಡಿದು, "ಹೆಣ್ಣುಮಕ್ಕಳು, ಕಾಡು, ಏಪ್ರಿಲ್ ಬಿಸಿಲು" ಎಂದು ಮೂರೇ ಮಾತಿನಲ್ಲಿ ಮುಗಿಸಿಬಿಟ್ಟರು. ನಾನು ಸಿಟ್ಟಿನಲ್ಲಿ ಏನೇನೋ ಮಾತಾಡಿ ಕೆಲಸ ಇನ್ನಷ್ಟು ಕೆಡಿಸಿದೆ. ಅದನ್ನು ಸರಿಮಾಡಿದವರು ಹೊಲಿಗೆ ಅಕ್ಕೋರು.

ನಮ್ಮ ಕಡೆ ಆಗ ಟೀಚರನ್ನು ಅಕ್ಕೋರು ಎನ್ನುತ್ತಿದ್ದರು. ಹೊಲಿಗೆ ಕಲಿಸುತ್ತಿದ್ದ ಇವರಿಗೆ ನಲವತ್ತರ ಹತ್ತಿರ ವಯಸ್ಸು, ಸಣಕಲು ದೇಹ, ಸೆರಗಿಗೆ ಯಾವಾಗಲೂ ಒಂದು ಸೂಜಿ ಸಿಕ್ಕಿಸಿರುತ್ತಿತ್ತು. ಗೇಣಿ ಗದ್ದೆ ಮಾಡುತ್ತಿದ್ದ ಮನೆಯ ಮಗಳು. ಅವರ ಊರು ಹಿನ್ನೀರಿನಲ್ಲಿ ಮುಳುಗಿತ್ತು. ಅಣ್ಣ ಸರ್ಕಾರ ಕೊಟ್ಟ ಜಾಗಕ್ಕೆ ಶಿವಮೊಗ್ಗದ ಕಡೆ ಹೋದರೆ, ಇವರು ಮುದಿ ತಾಯಿಯನ್ನು ಕಟ್ಟಿಕೊಂಡು ಸಾಗರದಲ್ಲಿ ಒಂದು ಬಾಡಿಗೆ ಕೋಣೆ ಹಿಡಿದಿದ್ದರು. ಕೆಲಸ ಕಾಯಂ ಅಲ್ಲ, ಪ್ರತಿ ಜೂನ್‌ನಲ್ಲಿ ಹೊಸದಾಗಿ ಹೆಸರು ಬರೆಯಬೇಕು. ಅದೊಂದೇ ಆ ಕೋಣೆಯ ಒಲೆ ಉರಿಸುತ್ತಿದ್ದದ್ದು.

ಅವರು ಎಂಟು ಮನೆಗಳಿಗೂ ಹೋಗಿ, ಎಂಟು ಅಪ್ಪಂದಿರ ಎದುರು ಕೂತು, ಒಂದು ಮಾತು ಕೊಟ್ಟು ಬಂದರು. ಸೋಮವಾರ ಬೆಳಿಗ್ಗೆ ಹೊರಡುವುದು. ಗುರುವಾರ ದೀಪ ಹಚ್ಚುವ ಮುಂಚೆ ತೀರ್ಥಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಎಂಟು ಜನರನ್ನೂ ನಿಲ್ಲಿಸುವುದು. ಅಪ್ಪಂದಿರ ಪೈಕಿ ಇಬ್ಬರು ಅವತ್ತಿನ ಬಸ್ಸಿಗೆ ಬಂದು ಅಲ್ಲಿ ಕಾಯುವುದು. ಆಮೇಲೆ ಮುಖ್ಯೋಪಾಧ್ಯಾಯರ ಮೇಜಿನ ಮೇಲೆ ಕಾಗದ ಇಟ್ಟು ಬರೆದುಕೊಟ್ಟರು: ಗುರುವಾರ ತಪ್ಪಿದರೆ ಜೂನ್‌ನಲ್ಲಿ ನನ್ನ ಹೆಸರು ಬರೆಯುವುದು ಬೇಡ, ಇನ್ನು ಮುಂದೆ ಈ ಶಾಲೆಯ ಹುಡುಗಿಯರನ್ನು ಎಲ್ಲಿಗೂ ಕಳಿಸುವುದೂ ಬೇಡ. ಕಾಯಂ ಕೆಲಸದಲ್ಲಿದ್ದ ನನ್ನನ್ನು ಯಾರೂ ರುಜು ಕೇಳಲಿಲ್ಲ. ನನಗೆ ಅದು ಅವಮಾನ ಅನ್ನಿಸಿತು, ಅವರ ಬಗ್ಗೆ ಭಯವೂ ಆಯಿತು.

ನಕ್ಷೆ ನನ್ನ ಪಾಲಿನ ಕೆಲಸ. ಶಾಲೆಯ ಬೀರುವಿನಲ್ಲಿ ಒಂದು ಹಳೆಯ ಸರ್ವೆ ನಕ್ಷೆ ಇತ್ತು. ಮೂರು ಸಂಜೆ ಕೂತು ಅದನ್ನು ಟ್ರೇಸಿಂಗ್ ಪೇಪರಿನ ಮೇಲೆ ಕಪ್ಪು ಶಾಯಿಯಲ್ಲಿ ಇಳಿಸಿದೆ. ಬಸ್ಸಿನ ರಸ್ತೆ ಸುತ್ತು, ಧೂಳು, ಹುಡುಗಿಯರ ಸಾಲು ಅಲ್ಲಿ ನಡೆದರೆ ಪ್ರತಿ ಬಸ್ಸಿನ ಪ್ರತಿ ಕಿಟಕಿಗೂ ಒಂದು ತಲೆ. ಹಾಗಾಗಿ ಕಣಿವೆಯಲ್ಲಿ ಹೊಸನಗರಕ್ಕೆ ನೆಟ್ಟಗೆ ಹೋಗುವ ಹಳೆಯ ಗಾಡಿರಸ್ತೆಯನ್ನು ಕೆಂಪು ಶಾಯಿಯಲ್ಲಿ ಎಳೆದು, ಹೊಲಿಗೆ ಕೋಣೆಗೆ ಒಯ್ದು ಯಂತ್ರದ ಮೇಲೆ ಹರಡಿದೆ. ಭೌತಶಾಸ್ತ್ರದವರಿಂದ ತಂದ ದಿಕ್ಸೂಚಿಯನ್ನೂ ಪಕ್ಕಕ್ಕಿಟ್ಟೆ.

ಅಕ್ಕೋರು ಬಗ್ಗಿ ನೋಡಿದರು. "ಚೆಂದ ಬರ್ದೀರಿ ಮಾರಾಯ್ರೆ. ಇಲ್ಲಿಂದ ಇಲ್ಲೀವರೆಗೆ ಈಜ್ಕಂಡು ಹೋಗದಾ?"

ನಕ್ಷೆ ಅಚ್ಚಾದದ್ದು ಅಣೆಕಟ್ಟಿಗಿಂತ ಎಷ್ಟೋ ಮುಂಚೆ. ಹಿನ್ನೀರು ಬಂದದ್ದು ನನಗೆ ಗೊತ್ತಿರಲಿಲ್ಲವೆಂದಲ್ಲ. ಜಲಾಶಯದ ಪಾಠ ಮಾಡಿದವಳೇ ನಾನು. ಆದರೆ ಅಚ್ಚಾದ ಕಾಗದ ಎದುರಿಗಿದ್ದರೆ ಓದಿದವರ ಕಣ್ಣು ಅದನ್ನೇ ನಂಬುತ್ತದೆ. ಅವರ ಬೆರಳು ನನ್ನ ಕೆಂಪು ಗೆರೆಯ ಪಕ್ಕದ ಒಂದು ಚುಕ್ಕೆಯ ಮೇಲೆ ನಿಂತಿತು. "ಇದು ನಮ್ಮೂರು," ಎಂದರು, ಬೇರೆ ಯಾರದೋ ಊರು ತೋರಿಸಿದ ಹಾಗೆ. ಆಮೇಲೆ ದಿಕ್ಸೂಚಿ ಎತ್ತಿ ನೋಡಿ, "ಇದೆಂತ ಮಾಡ್ತದೆ?" ಎಂದು ಕೇಳಿದರು.

"ಉತ್ತರ ತೋರಿಸುತ್ತೆ."

"ನಮಗೆ ಬೇಕಾಗಿದ್ದು ತೀರ್ಥಹಳ್ಳಿ," ಎಂದು ಅದನ್ನು ನನ್ನ ಕೈಗೇ ಕೊಟ್ಟರು.

ನಾನು ಒಂದು ವಾರ ಮುಖ ಊದಿಸಿಕೊಂಡಿದ್ದೆ. ಆ ವಾರ ಅವರು ಕೋರಾ ಬಟ್ಟೆಯ ತುಂಡೊಂದನ್ನು ಹಾಸಿ ತಮ್ಮದೇ ನಕ್ಷೆ ಶುರು ಮಾಡಿದರು. ಬೆವರಿಗೂ ಮಳೆಗೂ ಹರಿಯದ, ಮಡಚಿ ಸೊಂಟಕ್ಕೆ ಸಿಕ್ಕಿಸಬಹುದಾದ, ದಾರದ ನಕ್ಷೆ. ಗಾಡಿದಾರಿಗೆ ಸರಪಳಿ ಹೊಲಿಗೆ, ಕಾಲುದಾರಿಗೆ ಓಡು ಹೊಲಿಗೆ, ಬಾವಿಗೆ ನೀಲಿ ಗಂಟು. ಆ ಕಾಲದಲ್ಲಿ ಸಾಗರದ ಆಸುಪಾಸಿನ ಕಾಡುಗಳಲ್ಲಿ ಮಂಗನ ಕಾಯಿಲೆಯ ಹೆದರಿಕೆ ಇತ್ತು. ಮಂಗ ಸತ್ತು ಬಿದ್ದಲ್ಲಿ ಉಣ್ಣಿ ಹತ್ತಿದರೆ ಜ್ವರ ಬಂದು ಮನುಷ್ಯರೂ ಸಾಯುತ್ತಿದ್ದರು. ಅಂಥ ಕಾಡಿನ ತುಂಡುಗಳಿಗೆಲ್ಲ ಕಪ್ಪು ದಾರದಲ್ಲಿ ಅಡ್ಡಗೀಟು. ದಾರಿ ಅವುಗಳನ್ನು ಬಳಸಿಕೊಂಡು ಬಳುಕುತ್ತಾ ಹೋಗುತ್ತಿತ್ತು.

ಇವೆಲ್ಲ ಅವರಿಗೆ ಹೇಗೆ ಗೊತ್ತು? ಪ್ರತಿ ಭಾನುವಾರ ಮೊದಲ ಬಸ್ಸು ಹತ್ತಿ ಎಲ್ಲೋ ಒಂದು ಕಡೆ ಇಳಿದು, ಸಂಜೆಯ ಬಸ್ಸಿನವರೆಗೆ ನಡೆದು ಬರುತ್ತಿದ್ದರು. ಎರಡು ಸಲ ನಾನೂ ಹೋದೆ. ದೂರ ಕೇಳುವುದರಲ್ಲಿ ಅವರದ್ದೊಂದು ಶಿಸ್ತು. ಗಂಡಸರು "ಇಲ್ಲೇ, ಒಂದು ಕೂಗಿನ ದೂರ" ಎಂದರೆ ನಕ್ಕು ಮುಂದೆ ಹೋಗುವರು. ಸೊಪ್ಪಿನ ಹೊರೆ ಹೊತ್ತ ಹೆಂಗಸು ಎದುರಾದರೆ ನಿಲ್ಲಿಸಿ, "ಅಲ್ಲೀವರೆಗೆ ಹೊರೆ ಎಷ್ಟು ಸಲ ಇಳಿಸ್ತೀರಿ?" ಎಂದು ಕೇಳುವರು. ಆಕೆ ಮೂರು ಸಲ ಎಂದರೆ ಬಟ್ಟೆಯ ಮೇಲೆ ಮೂರು ಗಂಟು ಬೀಳುತ್ತಿತ್ತು. "ಗಂಡಸರು ದಾರೀನ ಬಾಯಲ್ಲಿ ನಡೀತಾರೆ. ಹೊರೆ ಹೊತ್ತವಳು ಸುಳ್ಳು ಹೇಳಕ್ಕಾಗಲ್ಲ, ಕುತ್ತಿಗೆಗೆ ಗೊತ್ತಿರ್ತದೆ." ಸರ್ವೆಯವರ ಸರಪಳಿಗಿಂತ ಆ ಅಳತೆ ನಿಜವಾಗಿತ್ತು. ನಾಲ್ಕು ದಿನದಲ್ಲಿ ಅದು ಒಂದೇ ಒಂದು ಸಲವೂ ನಮಗೆ ಮೋಸ ಮಾಡಲಿಲ್ಲ.

ಹಿನ್ನೀರಿನ ಅಂಚನ್ನು ಮಾತ್ರ ಅವರು ಉದ್ದುದ್ದ ಸಡಿಲ ಹೊಲಿಗೆಯಲ್ಲಿ ಹಾಕಿದ್ದರು. ರವಿಕೆ ಹೊಲಿಯುವ ಮುಂಚೆ ಅಳತೆಗೆಂದು ಹಾಕಿ ಆಮೇಲೆ ಕಿತ್ತುಬಿಡುವ ಕಚ್ಚಾ ಹೊಲಿಗೆ. ಯಾಕೆ ಹೀಗೆ ಎಂದು ಕೇಳಿದೆ.

"ಆ ನೀರು ಮಳೆಗಾಲಕ್ಕೊಂದು ಕಡೆ, ಬೇಸಿಗೆಗೊಂದು ಕಡೆ. ಇನ್ನೂ ಪಕ್ಕಾ ಆಗಿಲ್ಲ ಅದು. ಕಿತ್ತು ಹೊಲೀಬೇಕಾಗ್ತದೆ."

ಆ ನಕ್ಷೆಯನ್ನು ಹುಡುಗಿಯರೆಲ್ಲ ಕೈವಸ್ತ್ರದಷ್ಟು ಬಟ್ಟೆಯಲ್ಲಿ ತಮಗೊಂದೊಂದು ಹೊಲಿದುಕೊಂಡರು. ಹೊಲಿಗೆ ಪೀರಿಯಡ್ಡಿನಲ್ಲೇ ನಡೆಯಿತು. ಮುಖ್ಯೋಪಾಧ್ಯಾಯರು ಒಮ್ಮೆ ಬಾಗಿಲಲ್ಲಿ ನಿಂತು, ವಾರ್ಷಿಕೋತ್ಸವದ ಪ್ರದರ್ಶನಕ್ಕೆ ಬಳ್ಳಿ ಹೊಲಿಯುತ್ತಿದ್ದಾರೆ ಎಂದುಕೊಂಡು ಮೆಚ್ಚಿ ಹೋದರು. ಕೈಯಲ್ಲಿ ಹೊಲಿದ ದಾರಿ ಮರೆಯುವುದಿಲ್ಲ ಎಂಬುದು ಅಕ್ಕೋರ ಲೆಕ್ಕ. ಎಂಟು ಜನರಲ್ಲಿ ಯಾರನ್ನು ಎಲ್ಲಿ ಒಂಟಿಯಾಗಿ ಬಿಟ್ಟರೂ ಮುಂದಿನ ಬಾವಿ ಎಷ್ಟು ಗಂಟಿನ ಆಚೆ ಎಂದು ಹೇಳುತ್ತಿದ್ದರು.

ಊಟದ ಏರ್ಪಾಡಿನಲ್ಲಿ ಅವರನ್ನು ಮೀರಿಸುವವರನ್ನು ನಾನು ಈವರೆಗೆ ಕಂಡಿಲ್ಲ. ಬೆನ್ನಿಗೆ ಒಂದೂವರೆ ದಿನದ್ದು ಮಾತ್ರ: ಅವಲಕ್ಕಿ, ಬೆಲ್ಲ, ಕೊಬ್ಬರಿ, ಮಿಡಿ ಉಪ್ಪಿನಕಾಯಿ, ಬಿಸಿಲಿಗೆ ನೀರಲ್ಲಿ ಕಿವುಚಿಕೊಳ್ಳಲು ಮುರುಗಲ ಸಿಪ್ಪೆ. ಉಳಿದದ್ದನ್ನು ಒಂದು ತಗಡಿನ ಪೆಟ್ಟಿಗೆಗೆ ತುಂಬಿ, ಹೊಸನಗರದ ಬಸ್ಸಿನ ಮೇಲೆ ಹಾಕಿ, ಅಲ್ಲಿ ಬಸ್‌ಸ್ಟ್ಯಾಂಡಿನ ಹೋಟೆಲಿನವರಲ್ಲಿ ಇಳಿಸುವುದು. ಕಂಡಕ್ಟರ್ ಮರೆಯಬಾರದೆಂದು ಪೆಟ್ಟಿಗೆಗೆ ಕೆಂಪು ಲಂಗದ ಬಟ್ಟೆ ಸುತ್ತಿ ಹೊಲಿದರು. ಅವನು "ಇದೆಂತ ಅಕ್ಕೋರೇ, ಮದುಮಗಳನ್ನ ಕಳಿಸ್ತಾ ಇದೀರಾ?" ಎಂದು ನಕ್ಕ. ಆದರೆ ಮರೆಯಲಿಲ್ಲ.

ನಡುವಿನ ಮನೆಗಳ ವಿಷಯವೇ ಬೇರೆ. ಕೆಂಪು ಗಂಟಿನ ಮನೆ ಎಂದರೆ ಒಳಗೆ ಹೋಗಬಹುದು, ಹಳದಿ ಗಂಟಿನದ್ದೆಂದರೆ ಅಂಗಳದಲ್ಲಿ ನೀರು ಕುಡಿದು ಮುಂದೆ ಹೋಗುವುದು. ನಮ್ಮ ಎಂಟು ಹುಡುಗಿಯರು ಎಂಟು ಬಗೆಯ ಮನೆಗಳವರು. ಯಾರನ್ನೂ ಯಾವ ಜಾತಿ ಎಂದು ಕೇಳಿ ಬೇರೆ ಕೂರಿಸದ ಮನೆಗಳಿಗಷ್ಟೇ ಅವರು ಕೆಂಪು ದಾರ ಬಳಸಿದ್ದರು ಎಂಬುದು ನನಗೆ ಹೊಳೆದದ್ದು ದಾರಿಯಲ್ಲಿ. ಅವರು ಬಾಯಿಬಿಟ್ಟು ಹೇಳಿರಲಿಲ್ಲ.

ಕೆಂಪು ಗಂಟಿನ ಮನೆಗಳಿಗೆಲ್ಲ ಮೊದಲೇ ಒಂದೊಂದು ಕಾರ್ಡು ಬರೆದರು. ಒಂದು ಮನೆಗೆ ಮಜ್ಜಿಗೆ, ಇನ್ನೊಂದಕ್ಕೆ ಗಂಜಿ, ಮತ್ತೊಂದಕ್ಕೆ ಬರೀ ಬೆಲ್ಲ-ನೀರು. ಮನೆಗೆ ಬಂದವರಿಗೆ ಮೊದಲು ಬೆಲ್ಲದ ಚೂರು, ಒಂದು ತಂಬಿಗೆ ನೀರು ಕೊಡುವುದು ಮಲೆನಾಡಿನ ವಾಡಿಕೆ. "ಒಂದು ಸಣ್ಣದು ಕೇಳ್ಬೇಕು," ಎಂದರು ನನಗೆ. "ಕೇಳಿದ್ದು ಕೊಟ್ರೆ ಅವರಿಗೂ ಮರ್ಯಾದೆ, ನಮಗೂ ತಡ ಇಲ್ಲ. ಎಂತದೂ ಬ್ಯಾಡ ಅಂದ್ರೋ, ಹೋಳಿಗೆ ಮಾಡ್ತಾರೆ. ಹೋಳಿಗೆ ಅಂದ್ರೆ ಅರ್ಧ ದಿನ."

ಅವರು ಇದನ್ನು ಹೇಳುವ ಹೊತ್ತಿಗೆ ನಾನು ಒಂದು ಕಾರ್ಡನ್ನು ಡಬ್ಬಿಗೆ ಹಾಕಿಯಾಗಿತ್ತು. ಎರಡನೇ ದಿನ ಬೆಳಿಗ್ಗೆ ಸಿಗುವ ಮನೆಗೆ. ಪರಿಚಯದವರ ಮನೆ ಎಂದು ನಾನೇ ಮೇಲೆ ಬಿದ್ದು ಬರೆದದ್ದು: ದಯವಿಟ್ಟು ಯಾವ ತೊಂದರೆಯನ್ನೂ ತೆಗೆದುಕೊಳ್ಳಬಾರದು, ನಮಗೆ ನಿಮ್ಮ ಬಾವಿಯ ನೀರು ಮಾತ್ರ ಸಾಕು. ಅದು ತುಂಬ ಸಭ್ಯವಾದ ಕಾಗದ ಎಂದು ನನಗೆ ಹೆಮ್ಮೆಯೂ ಇತ್ತು. ಅವರ ಮಾತು ಕೇಳಿದ ಮೇಲಾದರೂ ಹೇಳಿಕೊಳ್ಳಬೇಕಿತ್ತು. ಹೇಳಲಿಲ್ಲ. ಈಜುವ ಮಾತು ಇನ್ನೂ ಚುಚ್ಚುತ್ತಿತ್ತು.

ಏಪ್ರಿಲ್‌ನ ಒಂದು ಸೋಮವಾರ ಬೆಳಕು ಹರಿಯುವಾಗ ಹೊರಟೆವು. ಮೊದಲ ದಿನ ಗಡಿಯಾರದಂತೆ ನಡೆಯಿತು. ಹೇಳಿದ ಬಾವಿ ಹೇಳಿದ ಗಂಟಿಗೆ ಸಿಕ್ಕಿತು, ಕೇಳಿದ ಮಜ್ಜಿಗೆ ಕೇಳಿದ ಜಗುಲಿಯಲ್ಲಿ ಕಾಯುತ್ತಿತ್ತು. ಒಬ್ಬಳ ಚಪ್ಪಲಿಯ ಉಂಗುಷ್ಠ ಕಿತ್ತಾಗ ಅಕ್ಕೋರ ಚೀಲದಿಂದ ಹೊಸದೊಂದು ಹೊರಬಂತು. ಹಳ್ಳಿಯ ಶಾಲೆಯ ಕೋಣೆಯೊಂದರಲ್ಲಿ ಮಲಗಿ, ಮಂಗಳವಾರ ಎಂಟರ ಹೊತ್ತಿಗೆ ನಾನು ಬರೆದ ಮನೆ ತಲುಪಿದೆವು. ಅಲ್ಲಿ ಐದು ನಿಮಿಷ ನೀರು ಕುಡಿದು, ಹಿನ್ನೀರನ್ನು ಬಳಸಿ ಗುಡ್ಡದ ಮೇಲಿನ ದಾರಿ ಹಿಡಿದರೆ ಸಂಜೆಗೆ ಹೊಸನಗರ.

ಅಂಗಳಕ್ಕೆ ಚಪ್ಪರ ಹಾಕಿದ್ದರು. ಹಿತ್ತಿಲಿಂದ ಬೇಳೆ ಬೇಯುವ ವಾಸನೆ. ಅಕ್ಕಪಕ್ಕದ ಮನೆಯ ಹೆಂಗಸರೆಲ್ಲ ಸೀರೆ ಉಟ್ಟು ಸಿಂಗರಿಸಿಕೊಂಡು ಬಂದಿದ್ದರು. ಯಜಮಾನಿ ಹೊರಗೆ ಬಂದವರೇ ನನ್ನ ಕಾರ್ಡನ್ನು ಕೈಯಲ್ಲಿ ಹಿಡಿದು ಅಳುಮೋರೆ ಮಾಡಿಕೊಂಡು ಕೇಳಿದರು: "ಎಂಗಳಿಂದ ಎಂತ ತಪ್ಪಾತು? ನೀರು ಮಾತ್ರ ಸಾಕು ಹೇಳಿ ಬರದ್ರಲೆ!"

ಆ ಮನೆಯಲ್ಲಿ ನೀರು ಮಾತ್ರ ಸಾಕು ಎನ್ನುವುದು ಜಗಳವಾಡಿದವರು ಆಡುವ ಮಾತು. ಮೂರು ದಿನದಿಂದ ಅವರು ನಿದ್ದೆಗೆಟ್ಟು, ನನಗೆ ಯಾವಾಗ ಏನು ನೋವಾಯಿತೋ ಎಂದು ತಲೆ ಕೆಡಿಸಿಕೊಂಡಿದ್ದರಂತೆ. ಈಗ ಉಣ್ಣದೆ ಎದ್ದರೆ ಜಗಳ ಖಾತ್ರಿಯಾದ ಹಾಗೆ. ಹೋಳಿಗೆ ಬಂತು, ಪಾಯಸ ಬಂತು, ಒತ್ತಾಯ ಬಂತು. ಹುಡುಗಿಯರು ಪಾಪ ಬಾಳೆಲೆಯ ಮುಂದೆ ನ್ಯಾಯವಾಗಿಯೇ ನಡೆದುಕೊಂಡರು. ಅಕ್ಕೋರು ಒಂದು ಸಲ ನನ್ನ ಮುಖ ನೋಡಿ, ತಮ್ಮ ಎಲೆಯ ಹೋಳಿಗೆ ಮುರಿದರು. ಬೈದಿದ್ದರೆ ನಾನು ತಿರುಗಿ ಏನಾದರೂ ಅಂದು ಹಗುರಾಗುತ್ತಿದ್ದೆ. ನಾವು ಕೈತೊಳೆದು ಎದ್ದಾಗ ಎರಡು ಗಂಟೆ.

ಗುಡ್ಡದ ದಾರಿಗೆ ಇನ್ನೂ ಹದಿನಾರು ಗಂಟು, ಎರಡೂ ಬದಿಗೆ ಕಪ್ಪು ಅಡ್ಡಗೀಟು. ಬೆಳಕಿಲ್ಲದೆ ಅಲ್ಲಿ ಹೆಜ್ಜೆ ಇಡುವಂತಿಲ್ಲ. ಬಸ್ಸಿನ ರಸ್ತೆ ಬಲು ದೂರ, ಅಲ್ಲದೆ ಬಸ್ಸು ಹತ್ತಿದೆವೆಂದರೆ ಗಂಡುಹುಡುಗರು ಜನ್ಮಪೂರ್ತಿ ಆಡಿಕೊಳ್ಳುತ್ತಾರೆ. ಆ ಮನೆಯಲ್ಲೇ ಉಳಿದರೆ ತೀರ್ಥಹಳ್ಳಿ ಶುಕ್ರವಾರ. ಶುಕ್ರವಾರ ಎಂದರೆ ಜೂನ್‌ನಲ್ಲಿ ಅಕ್ಕೋರಿಗೆ ಕೆಲಸವಿಲ್ಲ. ನನಗೆ ಜಗುಲಿಯ ಕಂಬ ಹಿಡಿದು ಅಳು ಬಂತು. "ನಾನೇ ಬರೆದದ್ದು ಅಕ್ಕಾ, ನಿಮಗೆ ಹೇಳಲಿಲ್ಲ," ಎಂದೆ.

ಅಷ್ಟರಲ್ಲಿ ಮನೆಯ ಯಜಮಾನರು ಎಲೆಯಡಿಕೆಯ ಕವಳ ಹಾಕುತ್ತಾ, ಈ ವರ್ಷ ಹಿನ್ನೀರು ಬಹಳ ಇಳಿದಿದೆ, ದನಗಳು ತಳದಲ್ಲೇ ಮೇಯುತ್ತಿವೆ, ಹಳೇ ಗಾಡಿರಸ್ತೆಯ ಕಲ್ಲುಗಳು ಎದ್ದಿವೆ, ನಡುವಿನ ಹೊಳೆ ಪಾದ ಮುಳುಗುವಷ್ಟೇ ಎಂದು ಯಾರಿಗೋ ಹೇಳುತ್ತಿದ್ದರು. ಅಕ್ಕೋರು ಸೊಂಟದಿಂದ ಬಟ್ಟೆಯ ನಕ್ಷೆ ತೆಗೆದು ಜಗುಲಿಯ ಮೇಲೆ ಹಾಸಿದರು. ಆಮೇಲೆ ನನ್ನ ಕಡೆ ಕೈಚಾಚಿದರು.

"ನಿಮ್ಮ ಆ ಹಳೇ ನಕ್ಷೆ ಉಂಟಾ?"

ಇತ್ತು. ಹಟಕ್ಕೆ ಚೀಲದ ತಳದಲ್ಲಿ ಮಡಚಿ ಇಟ್ಟುಕೊಂಡು ಬಂದಿದ್ದೆ. ಅವರು ಅದನ್ನು ಬಟ್ಟೆಯ ನಕ್ಷೆಯ ಪಕ್ಕ ಹರಡಿ, ನನ್ನ ಕೆಂಪು ಗೆರೆಯ ಉದ್ದಕ್ಕೂ ಬೆರಳಾಡಿಸಿದರು. ಸೆರಗಿನ ಸೂಜಿ ತೆಗೆದು ಹಿನ್ನೀರಿನ ಅಂಚಿನ ಕಚ್ಚಾ ಹೊಲಿಗೆಯ ತುದಿ ಎಬ್ಬಿಸಿ ಎಳೆದರು. ನೀಲಿ ದಾರ ಒಂದೇ ಎಳೆತಕ್ಕೆ ಬಂತು.

"ತಂಗೀ," ಎಂದರು. ಅಲ್ಲಿವರೆಗೆ ಯಾವತ್ತೂ ಹಾಗೆ ಕರೆದಿರಲಿಲ್ಲ. "ಗುಡ್ಡದ ದಾರಿ ಹೊಲ್ದಿದ್ದು ನೀರಿಗೆ ಹೆದರಿ ಅಲ್ಲ. ಬೇಸಿಗೇಲಿ ನೀರು ಇಳೀತದೆ ಅಂತ ನಂಗೆ ಗೊತ್ತಿತ್ತು. ನಂಗೆ ಅತ್ಲಾಗೆ ನೋಡಕ್ಕೆ ಆಗ್ತಿರ್ಲಿಲ್ಲ, ಅಷ್ಟೇಯ. ನಡೀರಿ, ಹೊತ್ತಾಯ್ತು."

ಹಿನ್ನೀರಿನ ತಳ ನಾನು ಎಣಿಸಿದ ಹಾಗಿರಲಿಲ್ಲ. ಬಿರುಕುಬಿಟ್ಟ ಬೂದುಬಣ್ಣದ ಮಣ್ಣು, ಸತ್ತು ನಿಂತ ಮರಗಳ ಬೊಡ್ಡೆ, ಅಲ್ಲಲ್ಲಿ ಹೊಸ ಹುಲ್ಲು. ನಡುವೆ ನನ್ನ ಕೆಂಪು ಗೆರೆ ಕಲ್ಲುಕಲ್ಲಾಗಿ ನಿಜವಾಗಿಯೇ ಮಲಗಿತ್ತು. ಮೈಲಿಗಲ್ಲೊಂದು ಅಕ್ಷರ ಅಳಿಸಿಕೊಂಡು ನಿಂತಿತ್ತು. ನಾನು ನಕ್ಷೆ ಹಿಡಿದು ಮುಂದೆ, ಹುಡುಗಿಯರು ನಡುವೆ, ಅಕ್ಕೋರು ಕೊನೆಗೆ. ಅಲ್ಲಿವರೆಗೆ ಮುಂದೆ ನಡೆಯುತ್ತಿದ್ದವರು ಈಗ ಹಿಂದೆ ಉಳಿದರು.

ಅರ್ಧ ದಾರಿಯಲ್ಲಿ ಮನೆಗಳ ಅಡಿಪಾಯಗಳು ಸಿಕ್ಕವು. ಮರ, ಹಂಚು, ಬಾಗಿಲು ಎಲ್ಲವನ್ನೂ ಜನ ಬಿಡಿಸಿಕೊಂಡು ಹೋಗಿದ್ದರಿಂದ ಮೆಟ್ಟಿಲು, ಹೂಳು ತುಂಬಿದ ಬಾವಿ, ಹೊರಲಾಗದೆ ಬಿಟ್ಟುಹೋದ ಕಲ್ಲುಗಳಷ್ಟೇ ಉಳಿದಿದ್ದವು. ಕಾಲಿಗೆ ಮುಳ್ಳು ಚುಚ್ಚಿದ ಹುಡುಗಿಯೊಬ್ಬಳು ಮಣ್ಣಲ್ಲಿ ಅರ್ಧ ಹೂತ ದೊಡ್ಡ ಕಲ್ಲಿನ ಮೇಲೆ ಕೂತು ಪಾದ ಎತ್ತಿಕೊಂಡಳು. ಕೂತಮೇಲೆ ನೋಡಿದರೆ ಅದು ಒರಳುಕಲ್ಲು. ಒರಳಿನ ಮೇಲೆ ಕೂರಬಾರದು ಎಂದು ಬೈಸಿಕೊಂಡೇ ಬೆಳೆದ ಮಗು, ಗಾಬರಿಯಿಂದ ಎದ್ದಳು.

"ಕೂತ್ಕ ಮಗಾ, ಕೂತ್ಕ," ಎಂದರು ಅಕ್ಕೋರು. ಅವಳ ಪಾದವನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಸೂಜಿಯಿಂದ ಮುಳ್ಳು ತೆಗೆದರು. ಆಮೇಲೆ ಎದ್ದು, ಎರಡೇ ಎರಡು ಮೆಟ್ಟಿಲು ಉಳಿದಿದ್ದ ಕಡೆ ಹೋಗಿ ನಿಂತು, ಚೀಲದಿಂದ ಬೆಲ್ಲದ ಗಂಟು ಬಿಚ್ಚಿದರು. ಒಬ್ಬೊಬ್ಬರನ್ನೇ ಕರೆದು ಅಂಗೈಗೆ ಒಂದು ಚೂರು ಬೆಲ್ಲ, ತಂಬಿಗೆಯಿಂದ ನೀರು.

ಅವರು ಅಳತೆ ಮಾಡಿ ಕಟ್ಟಿದ ಬೆಲ್ಲ ಅದು. ಆ ದಿನದ ಪಾಲು ಮುಗಿದಿತ್ತು, ಇನ್ನು ತೆಗೆದರೆ ಹೊಸನಗರಕ್ಕೆ ಮುಟ್ಟುವ ಮುಂಚೆ ಚೀಲ ಖಾಲಿ. ಬೆಳಿಗ್ಗೆಯಿಂದ ಮೂರ್ಖಳಾಗಿದ್ದವಳು ಮತ್ತೊಂದು ಸಲ ಮೂರ್ಖಳಾಗಿ ಕೇಳಿದೆ: "ಅಕ್ಕಾ, ಈಗಷ್ಟೇ ಹೋಳಿಗೆ ತಿಂದು ಬಂದಿದ್ದೇವಲ್ಲ. ಬೆಲ್ಲ ಉಳಿಸಬೇಕಲ್ಲವಾ?"

"ಮನೆಗೆ ಬಂದವರಿಗೆ ಬೆಲ್ಲ-ನೀರು ಕೊಡ್ದೆ ಕಳಿಸ್ತಾರನಾ?" ಎಂದರು.

ಆಗ ನನಗೆ ಅರ್ಥವಾಯಿತು. ಹುಡುಗಿಯರಿಗೆ ನನಗಿಂತ ಮೊದಲೇ ಆಗಿತ್ತು ಎಂದು ಕಾಣುತ್ತದೆ. ಎಂಟೂ ಜನ ಆ ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು ನಿಂತಿದ್ದರು. ಕೊನೆಯ ಚೂರು ನನ್ನ ಪಾಲಿಗೆ ಬಂತು. ಅಷ್ಟು ಗಟ್ಟಿ ಹೆಂಗಸನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಅವರು ಒಂದು ಸಲ ಸುತ್ತ ಕಣ್ಣಾಡಿಸಿ, ಖಾಲಿ ಬಟ್ಟೆಯನ್ನು ಕೊಡವಿ ಮಡಚಿ, "ಹೊರಡನ" ಎಂದರು. ಅಲ್ಲಿಂದ ಮುಂದೆ ಮತ್ತೆ ಅವರೇ ಮುಂದೆ ನಡೆದರು.

ಹೊಳೆ ಪಾದ ಮುಳುಗುವಷ್ಟೇ ಇತ್ತು. ಸೂರ್ಯ ಮುಳುಗುವ ಹೊತ್ತಿಗೆ ಹೊಸನಗರ. ಹೋಟೆಲಿನ ಮೂಲೆಯಲ್ಲಿ ಕೆಂಪು ಲಂಗದ ಪೆಟ್ಟಿಗೆ ನಮ್ಮನ್ನೇ ನೋಡುತ್ತಾ ಕೂತಿತ್ತು. ಬುಧವಾರ, ಗುರುವಾರ ಎರಡೂ ದಿನ ಅಕ್ಕೋರ ಗಂಟುಗಳು ಹೇಳಿದಂತೆಯೇ ಕಳೆದವು. ನೀರು ಪಾಲಾಗುವ ದಿಬ್ಬವೂ ಸಿಕ್ಕಿತು. ನಾನು ತರಗತಿಯಲ್ಲಿ ಕೈಬೀಸಿ ತೋರಿಸಿದ್ದಕ್ಕೆ ಹೋಲಿಸಿದರೆ ಅದೊಂದು ಸಾದಾ ಏರು, ಮೇಲೆ ದನ ಮಲಗಿತ್ತು. ಹುಡುಗಿಯರು ತಂಬಿಗೆಯಲ್ಲಿ ಉಳಿದ ನೀರನ್ನು ಅರ್ಧ ಈಚೆಗೆ, ಅರ್ಧ ಆಚೆಗೆ ಸುರಿದರು. ದೂರದ ಗುಡ್ಡವೊಂದನ್ನು ಯಾರೋ ಕವಲೇದುರ್ಗ ಎಂದದ್ದೇ ತಡ, ಹತ್ತಿಬರೋಣ ಎಂದು ಗೋಗರೆದರು. "ದುರ್ಗ ಎಲ್ಲಿಗೂ ಹೋಗಲ್ಲ, ನಿಮ್ಮ ಅಪ್ಪಂದಿರು ಕಾಯ್ತಿರ್ತಾರೆ," ಎಂದು ಅಕ್ಕೋರು ಹೆಜ್ಜೆ ಜೋರು ಮಾಡಿದರು.

ಗುರುವಾರ ತುಂಗೆಯ ತಣ್ಣನೆ ಗಾಳಿ ಮುಖಕ್ಕೆ ತಾಗಿದಾಗ ಇನ್ನೂ ಬಿಸಿಲಿತ್ತು. ತೀರ್ಥಹಳ್ಳಿಯ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೊಡೆ ಹಿಡಿದು ಕೂತಿದ್ದ ಇಬ್ಬರು ಅಪ್ಪಂದಿರು ಎದ್ದು ನಿಂತರು. ಮಕ್ಕಳ ತಲೆ ಎಣಿಸಿದರು, ಇನ್ನೊಂದು ಸಲ ಎಣಿಸಿದರು. ಅಂಗಡಿಗಳಲ್ಲಿ ದೀಪ ಹಚ್ಚಿರಲಿಲ್ಲ. ಜೂನ್‌ನಲ್ಲಿ ಅಕ್ಕೋರ ಹೆಸರು ಬರೆದರು, ಮರುವರ್ಷ ಹದಿನಾಲ್ಕು ಹುಡುಗಿಯರು ಹೆಸರು ಕೊಟ್ಟರು. ಬಟ್ಟೆಯ ನಕ್ಷೆ ಈಗ ನನ್ನ ಹತ್ತಿರವಿದೆ. ಕಿತ್ತ ಹೊಲಿಗೆಯ ಜಾಗದಲ್ಲಿ ಅವರು ಮತ್ತೆ ದಾರ ಹಾಕಲೇ ಇಲ್ಲ.

ಆ ಸಂಜೆ ಇಬ್ಬರಲ್ಲಿ ಹಿರಿಯರು ಅಕ್ಕೋರ ಧೂಳು ಹಿಡಿದ ಪಾದಗಳನ್ನು ನೋಡಿ, ತುಸು ನಾಚಿಕೆಯಿಂದಲೇ ಕೇಳಿದರು: "ದಾರೀಲಿ ಬಹಳ ಕಷ್ಟ ಆಯ್ತಾ ಅಕ್ಕೋರೇ?"

"ಇಲ್ಲಪ್ಪ," ಎಂದರು ಅವರು, ಸೂಜಿಯನ್ನು ಸೆರಗಿಗೆ ಸಿಕ್ಕಿಸಿಕೊಳ್ಳುತ್ತಾ. "ನಮ್ಮನೆ ಎದುರಿಂದೇ ಬಂದ್ವಿ."

"ಹೌದಾ? ಹಂಗಾರೆ ಒಳ್ಳೇದಾಯ್ತು," ಎಂದು ಆ ಹಿರಿಯರು ಮಗಳ ಚೀಲ ಎತ್ತಿಕೊಂಡರು.